ಪಾರಿವಾಳ, ಇಲಿ, ಶಹಾಬಾದಿ ಕಲ್ಲು: ಡಾರ್ವಿನ್ ಕಾಲದ ಪತ್ರವ್ಯವಹಾರದ ಕನ್ನಡ ನಂಟು

ಸೇಡಂ, ಚಿತ್ತಾಪುರ ಕಡೆಯ ಹಳೆಯ ಮನೆಯೊಂದಕ್ಕೆ ಹೋದರೆ ಕಾಲಡಿ ತಣ್ಣಗೆ ತಾಗುವುದು ಶಹಾಬಾದಿ ಪರ್ಸಿ. ಊರಾಚೆಯ ಎರೆಹೊಲದಲ್ಲಿ ತೊಗರಿ, ಜೋಳ. ಬದುವಿನ ಬುಡದಲ್ಲಿ ಇಲಿಯ ಬಿಲ. ಹಳೆಯ ಕೋಟೆ, ಗುಡಿಗಳ ಗೋಡೆಯ ಸಂದುಗಳಲ್ಲಿ ಪಾರಿವಾಳಗಳ ಗುಟುರು. ಈ ಮೂರೂ ನಮಗೆ ದಿನಬೆಳಗಾದರೆ ಕಾಣುವ ಸಂಗತಿಗಳಾದ್ದರಿಂದ ನಾವು ಅವುಗಳ ಬಗ್ಗೆ ಹೆಚ್ಚು ಯೋಚಿಸುವುದಿಲ್ಲ. ಆದರೆ ಕಲ್ಲು, ಇಲಿ, ಪಾರಿವಾಳ ಈ ಮೂರಕ್ಕೂ 19ನೆಯ ಶತಮಾನದ ಜೀವವಿಜ್ಞಾನಕ್ಕೂ ನಂಟಿದೆ. ಆ ನಂಟನ್ನು ಬೆಸೆದದ್ದು ಬಹುಮಟ್ಟಿಗೆ ಅಂಚೆ.

ಪತ್ರವೇ ಉಪಕರಣ

ಚಾರ್ಲ್ಸ್ ಡಾರ್ವಿನ್ ಎಂದೊಡನೆ ಬೀಗಲ್ ಹಡಗಿನ ಯಾನ ನೆನಪಾಗುತ್ತದೆ. ಆ ಯಾನ 1831ರಿಂದ 1836ರವರೆಗೆ, ಐದು ವರ್ಷದಲ್ಲಿ ಮುಗಿಯಿತು. ಆಮೇಲೆ ಆತ ಬ್ರಿಟನ್ ಬಿಟ್ಟು ಹೊರಗೆ ಹೋಗಲೇ ಇಲ್ಲ. 1842ರಲ್ಲಿ ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯಲ್ಲಿ ನೆಲೆಸಿದ. ಆರೋಗ್ಯ ಚೆನ್ನಾಗಿರಲಿಲ್ಲ. ಸಭೆ, ಸಮಾರಂಭಗಳಿಗೆ ಹೋಗುವುದೂ ಕಡಿಮೆ. 1882ರಲ್ಲಿ ತೀರಿಕೊಳ್ಳುವವರೆಗೆ ಆತ ಕೆಲಸ ಮಾಡಿದ್ದು ಆ ಮನೆ, ತೋಟ ಮತ್ತು ಬರೆಯುವ ಮೇಜಿನ ಸುತ್ತ.

ಹಾಗಾದರೆ ಭಾರತ, ಬರ್ಮ, ಪರ್ಷಿಯ, ಆಫ್ರಿಕಗಳ ಮಾಹಿತಿ ಆತನಿಗೆ ಸಿಕ್ಕಿದ್ದು ಹೇಗೆ? ಪತ್ರಗಳ ಮೂಲಕ. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಗೆ ಪತ್ರ ಕಳುಹಿಸುವ ವ್ಯವಸ್ಥೆ ಬಂತು. ಉಗಿಹಡಗುಗಳು ಪೂರ್ವದೇಶಗಳ ಅಂಚೆಯನ್ನು ಚುರುಕುಗೊಳಿಸಿದವು. ಡಾರ್ವಿನ್ ಬರೆದ ಮತ್ತು ಆತನಿಗೆ ಬಂದ ಪತ್ರಗಳಲ್ಲಿ ಇಂದು 15,000ಕ್ಕೂ ಹೆಚ್ಚು ಲಭ್ಯವಿವೆ. ಆತನೊಡನೆ ಪತ್ರವ್ಯವಹಾರ ನಡೆಸಿದವರು ಸುಮಾರು 2,000 ಮಂದಿ. ಇವನ್ನೆಲ್ಲ ಹುಡುಕಿ, ಓದಿ, ಟಿಪ್ಪಣಿಗಳೊಡನೆ ಪ್ರಕಟಿಸುವ ಯೋಜನೆ 1974ರಲ್ಲಿ ಆರಂಭವಾಗಿ 30 ಸಂಪುಟಗಳಲ್ಲಿ ಪೂರ್ಣಗೊಳ್ಳಲು ಸುಮಾರು ಅರ್ಧ ಶತಮಾನ ಹಿಡಿಯಿತು!

ಇವು ಯೋಗಕ್ಷೇಮದ ಪತ್ರಗಳಲ್ಲ, ಕೆಲಸದ ಪತ್ರಗಳು. ಒಂದು ಪತ್ರದಲ್ಲಿ ಮೊಲದ ವಿಷಯವೂ ದ್ವಿದಳಧಾನ್ಯದ ವಿಷಯವೂ ಇದ್ದರೆ ಡಾರ್ವಿನ್ ಅದನ್ನು ಕತ್ತರಿಯಿಂದ ಕತ್ತರಿಸಿ, ಒಂದು ತುಂಡನ್ನು ಪ್ರಾಣಿಗಳ ಕಡತಕ್ಕೂ ಇನ್ನೊಂದನ್ನು ಸಸ್ಯಗಳ ಕಡತಕ್ಕೂ ಸೇರಿಸುತ್ತಿದ್ದ. ವಿಷಯವಾರು ವಿಂಗಡಿಸಿದ ಇಂಥ 30ರಿಂದ 40 ದೊಡ್ಡ ಕಡತಗಳು ತನ್ನಲ್ಲಿದ್ದವೆಂದು ಆತನೇ ಆತ್ಮಕಥೆಯಲ್ಲಿ ಹೇಳಿದ್ದಾನೆ. ರಸಾಯನವಿಜ್ಞಾನಿಗೆ ಪ್ರನಾಳ, ಖಗೋಳವಿಜ್ಞಾನಿಗೆ ದೂರದರ್ಶಕ ಹೇಗೋ ಡಾರ್ವಿನ್‌ಗೆ ಪತ್ರ ಹಾಗೆ.

ಪ್ರಶ್ನೆ ಕೇಳುವುದರಲ್ಲೂ ಆತನಿಗೊಂದು ಶಿಸ್ತಿತ್ತು. 1867ರಲ್ಲಿ ಮನುಷ್ಯರ ಮುಖಭಾವಗಳನ್ನು ಕುರಿತು ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿ ಹಲವು ದೇಶಗಳಿಗೆ ಕಳುಹಿಸಿದ. ಆಶ್ಚರ್ಯವಾದಾಗ ಹುಬ್ಬು ಮೇಲೇರುತ್ತದೆಯೆ? ನಾಚಿದಾಗ ಮುಖ ಕೆಂಪಾಗುತ್ತದೆಯೆ? ಇಂಥ ಪ್ರಶ್ನೆಗಳಿಗೆ 36 ಮಂದಿ ಉತ್ತರಿಸಿದರು. ನೆನಪಿನಿಂದ ಬರೆಯಬೇಡಿ, ಕಣ್ಣಾರೆ ನೋಡಿ ಬರೆಯಿರಿ ಎಂಬುದು ಆತನ ಮುಖ್ಯ ಕೋರಿಕೆಯಾಗಿತ್ತು.

ಗ್ಲಾಸ್ಗೊದಲ್ಲಿ ಭೇಟಿ, ಮದ್ರಾಸಿನಿಂದ ಹಕ್ಕಿಗಳು

1855ರಲ್ಲಿ ಡಾರ್ವಿನ್ ಪಾರಿವಾಳ ಸಾಕಲು ತೊಡಗಿದ. ಲಂಡನ್ನಿನ ಪಾರಿವಾಳ ಸಾಕುವವರ ಸಂಘಗಳಿಗೂ ಸೇರಿದ. ಇದು ಹವ್ಯಾಸವಲ್ಲ. ಬೀಸಣಿಗೆಯಂಥ ಬಾಲದ ಪಾರಿವಾಳ, ಗಂಟಲು ಉಬ್ಬಿಸುವ ಪಾರಿವಾಳ, ಗಾಳಿಯಲ್ಲಿ ಲಾಗ ಹಾಕುವ ಪಾರಿವಾಳ ಇವು ಒಂದಕ್ಕೊಂದು ಎಷ್ಟು ಭಿನ್ನವೆಂದರೆ, ಕಾಡಿನಲ್ಲಿ ಸಿಕ್ಕಿದ್ದರೆ ಪಕ್ಷಿವಿಜ್ಞಾನಿ ಅವನ್ನು ಬೇರೆ ಬೇರೆ ಪ್ರಭೇದಗಳೆಂದೇ ಬರೆದಿಡುತ್ತಿದ್ದ. ಇವೆಲ್ಲ ಕೊಲುಂಬ ಲಿವಿಯ ಎಂಬ ಒಂದೇ ಕಾಡು ಪಾರಿವಾಳದಿಂದ ಬಂದವು ಎಂದು ತೋರಿಸಿದರೆ, ಆಯ್ಕೆಯಿಂದ ಜೀವಿಗಳು ಎಷ್ಟರಮಟ್ಟಿಗೆ ಬದಲಾಗಬಲ್ಲವು ಎಂಬುದಕ್ಕೆ ಕಣ್ಣೆದುರಿನ ಸಾಕ್ಷ್ಯ ಸಿಕ್ಕಂತಾಗುತ್ತದೆ.

ಇದಕ್ಕೆ ಇಂಗ್ಲೆಂಡಿನ ತಳಿಗಳಷ್ಟೇ ಸಾಲವು. ಪಾರಿವಾಳ ಸಾಕಣೆಯ ಹಳೆಯ ಪರಂಪರೆ ಇದ್ದದ್ದು ಪೂರ್ವದಲ್ಲಿ. ಅಕ್ಬರನ ಆಸ್ಥಾನದೊಡನೆ 20,000ಕ್ಕೆ ಕಡಿಮೆಯಿಲ್ಲದಷ್ಟು ಪಾರಿವಾಳಗಳು ಹೋಗುತ್ತಿದ್ದವೆಂಬುದನ್ನು ಡಾರ್ವಿನ್ ತನ್ನ ಗ್ರಂಥದಲ್ಲೇ ಉಲ್ಲೇಖಿಸಿದ್ದಾನೆ. ಆದ್ದರಿಂದ ದೂರದೇಶಗಳಲ್ಲಿದ್ದ ಅಧಿಕಾರಿಗಳು, ವೈದ್ಯರು, ವ್ಯಾಪಾರಿಗಳ ಪಟ್ಟಿ ಮಾಡಿ ಪತ್ರ ಬರೆದ. ಅವರಲ್ಲೊಬ್ಬ ವಾಲ್ಟರ್ ಎಲಿಯಟ್.

1855ರ ಸೆಪ್ಟೆಂಬರಿನಲ್ಲಿ ಗ್ಲಾಸ್ಗೊದಲ್ಲಿ ನಡೆದ ಬ್ರಿಟಿಷ್ ಅಸೋಸಿಯೇಷನ್ ಅಧಿವೇಶನದಲ್ಲಿ ಇಬ್ಬರೂ ಭೇಟಿಯಾಗಿದ್ದರು. ಎಲಿಯಟ್ ಆಗ ಮದ್ರಾಸ್ ಸರ್ಕಾರದ ಉನ್ನತ ಅಧಿಕಾರಿ. 1856ರ ಜನವರಿಯಲ್ಲಿ ಡಾರ್ವಿನ್ ಆ ಭೇಟಿಯನ್ನು ನೆನಪಿಸಿ, ಸಾಕುಹಕ್ಕಿಗಳ ಚರ್ಮಗಳನ್ನು ಕಳುಹಿಸಿಕೊಡಬೇಕೆಂದು ಕೇಳಿಕೊಂಡ. ಎಲಿಯಟ್ ಭಾರತದಿಂದಲೂ ಬರ್ಮದಿಂದಲೂ ಹಕ್ಕಿಗಳನ್ನು ಸಂಗ್ರಹಿಸಿ ಕಳುಹಿಸಿದ. ಅಷ್ಟೇ ಅಲ್ಲ, 1770ರಲ್ಲಿ ತೀರಿಕೊಂಡ ಸಯ್ಯದ್ ಮೊಹಮ್ಮದ್ ಮುಸಾರಿ ಎಂಬವರು ಪಾರಿವಾಳಗಳನ್ನು ಕುರಿತು ಬರೆದಿದ್ದ ಪರ್ಷಿಯನ್ ಗ್ರಂಥದ ಅನುವಾದವನ್ನೂ ಒದಗಿಸಿದ. 1859ರ ನವೆಂಬರಿನಲ್ಲಿ ಹೊರಬಂದ 'ಪ್ರಭೇದಗಳ ಉಗಮ'ದ ಮೊದಲ ಅಧ್ಯಾಯದಲ್ಲೇ ಡಾರ್ವಿನ್ ಭಾರತದ ಎಲಿಯಟ್ ಮತ್ತು ಪರ್ಷಿಯದ ಮರ್ರೆ ಅವರ ಉಪಕಾರವನ್ನು ಸ್ಮರಿಸಿದ್ದಾನೆ. ಅದೇ ಅಧ್ಯಾಯದಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದ ಮೇಲ್ವಿಚಾರಕ ಎಡ್ವರ್ಡ್ ಬ್ಲೈತ್ ಬಗ್ಗೆಯೂ ಗೌರವದ ಮಾತಿದೆ.

ಇಲ್ಲೊಂದು ಸಣ್ಣ ವಿವರವನ್ನು ಗಮನಿಸಿ. ಯೂರೋಪಿನ ಕಾಡು ಪಾರಿವಾಳದ ಬಾಲದ ಬುಡ ಬೆಳ್ಳಗಿರುತ್ತದೆ, ಭಾರತದ ಉಪಪ್ರಭೇದದಲ್ಲಿ ಆ ಭಾಗ ನೀಲಿಬೂದು. ಡಾರ್ವಿನ್ ಇದನ್ನೂ ಬಿಡದೆ ದಾಖಲಿಸಿದ. ಬೇರೆ ಬೇರೆ ತಳಿಗಳನ್ನು ಸಂಕರಿಸಿದಾಗ ಮರಿಗಳಲ್ಲಿ ಎಷ್ಟೋ ಸಲ ಕಾಡು ಪಾರಿವಾಳದ ನೀಲಿಬೂದು ಬಣ್ಣವೂ ರೆಕ್ಕೆಯ ಮೇಲಿನ ಎರಡು ಕಪ್ಪು ಪಟ್ಟಿಗಳೂ ಮರುಕಳಿಸುತ್ತಿದ್ದವು. ಪೂರ್ವಜ ಒಂದೇ ಎಂಬುದಕ್ಕೆ ಇದು ಆತನ ಬಲವಾದ ವಾದ. ನಿಮ್ಮ ಶಾಲೆಯ ಸೂರಿನಲ್ಲಿ ಕೂತ ಪಾರಿವಾಳದ ರೆಕ್ಕೆಯಲ್ಲಿ ಆ ಎರಡು ಪಟ್ಟಿಗಳನ್ನು ನೀವೇ ನೋಡಬಹುದು.

ಧಾರವಾಡದ ಇಲಿಗಳು

ಡಾರ್ವಿನ್ ನಂಬಿಕೆಯಿಟ್ಟು ಪತ್ರ ಬರೆದ ಎಲಿಯಟ್ ನಿಸರ್ಗ ವೀಕ್ಷಣೆಯನ್ನು ಕಲಿತದ್ದು ಎಲ್ಲಿ? ಕನ್ನಡನಾಡಿನಲ್ಲಿ.

1803ರಲ್ಲಿ ಎಡಿನ್‌ಬರೊದಲ್ಲಿ ಹುಟ್ಟಿದ ಈತ 1821ರಲ್ಲಿ ಈಸ್ಟ್ ಇಂಡಿಯ ಕಂಪನಿಯ ನೌಕರನಾಗಿ ಮದ್ರಾಸಿಗೆ ಬಂದ. ಧಾರವಾಡದ ಕಲೆಕ್ಟರ್ ಥ್ಯಾಕರೆಯ ಸಹಾಯಕನಾದ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕದನದಲ್ಲಿ ಥ್ಯಾಕರೆ ಸತ್ತಾಗ ಕಿತ್ತೂರಿನವರ ಕೈಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಎಲಿಯಟ್ ಒಬ್ಬ. ಅವರು ಸುರಕ್ಷಿತವಾಗಿ ಬಿಡುಗಡೆಯಾದರು. ಕಿತ್ತೂರು ಚೆನ್ನಮ್ಮನ ಕಥೆಯನ್ನು ಪಾಠ ಮಾಡುವಾಗ ನಾವು ಓದುವ ಆ ಎಲಿಯಟ್ ಮತ್ತು ಡಾರ್ವಿನ್‌ಗೆ ಪಾರಿವಾಳ ಕಳುಹಿಸಿದ ಎಲಿಯಟ್ ಇಬ್ಬರೂ ಒಬ್ಬನೇ ಎಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ.

1833ರವರೆಗೆ ಆತ ಈ ಪ್ರಾಂತದಲ್ಲಿದ್ದ. ಶಾಸನಗಳ ಪ್ರತಿ ಮಾಡಿಸಿದ. ಆತನ 'ಕರ್ನಾಟಕ ದೇಶ'ದ ಶಾಸನ ಸಂಗ್ರಹದಲ್ಲಿ 595 ಶಾಸನಗಳಿವೆ. ಜೊತೆಜೊತೆಗೇ ಪ್ರಾಣಿಗಳನ್ನೂ ಸಂಗ್ರಹಿಸಿದ. 1839ರಲ್ಲಿ ಮದ್ರಾಸಿನ ವಿದ್ವತ್ ಪತ್ರಿಕೆಯೊಂದರಲ್ಲಿ ದಕ್ಷಿಣ ಮರಾಠಾ ಪ್ರಾಂತದ, ಎಂದರೆ ಧಾರವಾಡ ಸೀಮೆಯ, ಸ್ತನಿಗಳ ಪಟ್ಟಿಯನ್ನು ಪ್ರಕಟಿಸಿದ. ಈ ಪಟ್ಟಿಯ ವಿಶೇಷವೆಂದರೆ ಲ್ಯಾಟಿನ್ ಹೆಸರಿನೊಡನೆ ಕನ್ನಡದ ಹೆಸರು, ವಡ್ಡರು ಕರೆಯುವ ಹೆಸರು ಎಲ್ಲವನ್ನೂ ಕೊಟ್ಟಿರುವುದು.

ಎಲಿಯಟ್ ಕಳುಹಿಸಿದ ಇಲಿಗಳನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ವರ್ಣಿಸಿದ. ಪೊದೆಗಳಲ್ಲಿ ಇರುವ ಒಂದು ಇಲಿಗೆ ಕನ್ನಡದಲ್ಲಿ 'ಗುಲಾಂಡಿ' ಎಂಬ ಹೆಸರೆಂದು ಎಲಿಯಟ್ ಗುರುತು ಮಾಡಿಕೊಂಡಿದ್ದ. ಗ್ರೇ ಅದನ್ನೇ ಕುಲದ ಹೆಸರಾಗಿಸಿ ಗೊಲುಂಡ ಎಲಿಯೊಟಿ ಎಂದು ಕರೆದ. ಮೆತ್ತನೆಯ ಕೂದಲಿನ ಹೊಲದ ಇಲಿಯೊಂದನ್ನು ವಡ್ಡರು 'ಮೆಟ್ಟಡೆ' ಎನ್ನುತ್ತಿದ್ದರು. ಅದು ಮೆಲ್ಟಾಡ ಆಯಿತು. ಇಂದು ಅದರ ಪೂರ್ಣ ಹೆಸರು ಮಿಲ್ಲಾರ್ಡಿಯ ಮೆಲ್ಟಾಡ. ಕನ್ನಡದಲ್ಲಿ 'ಕೋಕ್' ಎನಿಸಿಕೊಂಡಿದ್ದ ಸಣ್ಣ ಹೆಗ್ಗಣ ಮುಸ್ ಕೋಕ್ ಆಯಿತು.

ಮೂರರಲ್ಲಿ ಎರಡು ಹೆಸರುಗಳು ಇಂದಿಗೂ ಪ್ರಪಂಚದ ಎಲ್ಲ ಪ್ರಾಣಿಶಾಸ್ತ್ರ ಗ್ರಂಥಗಳಲ್ಲಿವೆ. ಮೂರನೆಯದಕ್ಕೆ ಅಷ್ಟು ಅದೃಷ್ಟವಿರಲಿಲ್ಲ. ಅದೇ ಹೆಗ್ಗಣಕ್ಕೆ ಗ್ರೇ ಕೆಲವೇ ವರ್ಷ ಮೊದಲು ಬಂಗಾಳದ ಹೆಸರಿನಲ್ಲಿ ನಾಮಕರಣ ಮಾಡಿಬಿಟ್ಟಿದ್ದ. ಮೊದಲು ಪ್ರಕಟವಾದ ಹೆಸರಿಗೇ ಮನ್ನಣೆ ಎಂಬುದು ಪ್ರಾಣಿನಾಮಕರಣದ ನಿಯಮ. ಆದ್ದರಿಂದ ಅದು ಈಗ ಬ್ಯಾಂಡಿಕೋಟ ಬೆಂಗಾಲೆನ್ಸಿಸ್. ಕನ್ನಡದ ಕೋಕ್ ಹಿಂದೆ ಸರಿಯಬೇಕಾಯಿತು.

ಹೇಳಿದವರು ಯಾರು?

ಎಲಿಯಟ್‌ನ ಬರಹದಲ್ಲಿ ಇಲಿಗಳ ಹಾವಳಿಯ ವರ್ಣನೆಯೊಂದಿದೆ. ಮಳೆ ಕೈಕೊಟ್ಟ ವರ್ಷದ ಮರುವರ್ಷ ಮೆಟ್ಟಡೆ ಇಲಿಗಳು ಎಣಿಕೆಗೆ ಸಿಗದಷ್ಟು ಹೆಚ್ಚಿದವು. ಬಿತ್ತಿದ ಬೀಜವನ್ನೇ ತಿಂದವು. ಉಳಿದದ್ದು ಬೆಳೆದು ತೆನೆಗಟ್ಟಿದಾಗ ಜೋಳದ ದಂಟು ಹತ್ತಿ ತೆನೆ ಕತ್ತರಿಸಿ ಕೆಡವಿದವು. ಕಂದಾಯ ಕಟ್ಟಲಾಗದಷ್ಟು ಹೊಲಗಳು ಹಾಳಾದವು. ರೈತರು ವಡ್ಡರನ್ನು ಕರೆಸಿ, ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಗೊತ್ತುಮಾಡಿ, ಸಾವಿರಗಟ್ಟಲೆ ಕೊಲ್ಲಿಸಿದರೂ ಸಂಖ್ಯೆ ಕುಗ್ಗಿದಂತೆ ತೋರಲಿಲ್ಲ. ಕೋಕ್ ಹೆಗ್ಗಣದ ಬಿಲವನ್ನು ಅಗೆದು, ಒಳಗೆ ಕೂಡಿಟ್ಟ ಜೋಳ, ಕಡಲೆಯ ಕಾಳನ್ನು ತೆಗೆಯುವುದರಲ್ಲೂ ಅವರು ನಿಪುಣರು.

ಇಲ್ಲಿರುವ ವಿಜ್ಞಾನ ಸಣ್ಣದಲ್ಲ. ಬರಕ್ಕೂ ಇಲಿಯ ಸಂಖ್ಯಾಸ್ಫೋಟಕ್ಕೂ ಇರುವ ಸಂಬಂಧ, ಯಾವ ಇಲಿ ಕಾಳು ಕೂಡಿಡುತ್ತದೆ, ಯಾವುದು ಕೂಡಿಡುವುದಿಲ್ಲ, ಬಿಲದ ರಚನೆ ಹೇಗೆ, ಒಂದು ಬಿಲದಲ್ಲಿ ಎಷ್ಟು ಇಲಿ, ಇವೆಲ್ಲ ಇಂದಿನ ಕೃಷಿ ಪ್ರಾಣಿಶಾಸ್ತ್ರದ ಪ್ರಶ್ನೆಗಳೇ. ಸೇಡಂ, ಚಿತ್ತಾಪುರಗಳ ಎರೆಭೂಮಿಯ ರೈತನಿಗೂ ಇದು ಗೊತ್ತಿರುವ ಕಥೆಯೇ. ಧಾರವಾಡ ಸೀಮೆಯ ಈ ತಿಳಿವಳಿಕೆ ಎಲಿಯಟ್‌ಗೆ ಬಂದದ್ದರಲ್ಲಿ ಹೊಲ ಅಗೆಯುವವರ ಪಾಲು ದೊಡ್ಡದು. ಬೇರೆ ಬೇರೆ ಇಲಿಗೆ ಬೇರೆ ಬೇರೆ ಹೆಸರಿಟ್ಟಿದ್ದರು ಎಂದರೆ ಅವರು ಅವನ್ನು ಬೇರೆ ಬೇರೆ ಎಂದು ಗುರುತಿಸಿದ್ದರು ಎಂದೇ ಅರ್ಥ. ವರ್ಗೀಕರಣದ ಮೊದಲ ಹೆಜ್ಜೆಯೂ ಅದೇ ತಾನೆ? ಆದರೆ ಪ್ರಾಣಿಯ ಹೆಸರಿನಲ್ಲಿ ಸೇರಿದ್ದು 'ಎಲಿಯೊಟಿ'. ಗುಲಾಂಡಿ ಎಂದು ಹೇಳಿಕೊಟ್ಟ ವ್ಯಕ್ತಿಯ ಹೆಸರನ್ನು ಯಾರೂ ಬರೆದಿಡಲಿಲ್ಲ.

ಎಲಿಯಟ್ ಕೆಟ್ಟವನೆಂದು ಇದರರ್ಥವಲ್ಲ. ಸ್ಥಳೀಯ ಹೆಸರುಗಳನ್ನು ದಾಖಲಿಸಿದ್ದೇ ಆತನ ದೊಡ್ಡತನ. ಮುಂದೆ 1859ರಲ್ಲಿ ತೆಲುಗು ಸಸ್ಯನಾಮಗಳನ್ನು ಕುರಿತು 'ಫ್ಲೋರ ಆಂಧ್ರಿಕ' ಎಂಬ ಪುಸ್ತಕವನ್ನೇ ಹೊರತಂದ. ಆದರೆ ಪತ್ರವ್ಯವಹಾರದ ವಿಜ್ಞಾನದಲ್ಲಿ ಒಂದು ಸೋರಿಕೆ ಇತ್ತು. ಹೊಲದಲ್ಲಿ ಹೇಳಿದವನ ಹೆಸರು ಅಧಿಕಾರಿಯ ಟಿಪ್ಪಣಿಯಲ್ಲಿ ಬಿಟ್ಟುಹೋಗುತ್ತಿತ್ತು. ಅಧಿಕಾರಿಯ ಪತ್ರ ವಿಜ್ಞಾನಿಯ ಕೈಗೆ ಬಂದು ತುಂಡಾಗುತ್ತಿತ್ತು. 1862ರವರೆಗೆ ಡಾರ್ವಿನ್ ತನಗೆ ಬಂದ ಪತ್ರಗಳನ್ನು ತಂತಿಗೆ ಪೋಣಿಸಿಟ್ಟು, ತುಂಬಿದಾಗ ಸುಟ್ಟುಬಿಡುತ್ತಿದ್ದನೆಂದು ಮಗ ಫ್ರಾನ್ಸಿಸ್ ಬರೆದಿದ್ದಾನೆ. ಎಷ್ಟೋ ಜನರ ಮಾತು ಹಾಗೆ ಬೂದಿಯಾಯಿತು.

ಉತ್ತರ ಬಾರದ ಪ್ರಶ್ನೆ

ಡಾರ್ವಿನ್‌ಗೆ ಯಾರಿಂದಲೂ ಉತ್ತರ ಸಿಗದ ಪ್ರಶ್ನೆಯೊಂದಿತ್ತು. ಆ ಕಾಲಕ್ಕೆ ಗೊತ್ತಿದ್ದ ಅತ್ಯಂತ ಹಳೆಯ ಪಳೆಯುಳಿಕೆಯ ಪದರಗಳಲ್ಲಿ ಟ್ರೈಲೊಬೈಟ್‌ನಂಥ ಸಂಕೀರ್ಣ ಪ್ರಾಣಿಗಳು ಥಟ್ಟನೆ ಕಾಣಿಸಿಕೊಳ್ಳುತ್ತವೆ. ವಿಕಾಸವು ನಿಧಾನವಾಗಿ ನಡೆದಿದ್ದರೆ ಅದಕ್ಕೂ ಮೊದಲಿನ ದೀರ್ಘ ಕಾಲದ ಕಡಲುಗಳಲ್ಲಿ ಜೀವಿಗಳು ತುಂಬಿರಬೇಕಿತ್ತು. ಅವುಗಳ ಗುರುತೆಲ್ಲಿ? ತನಗೆ ಸಮಾಧಾನಕರ ಉತ್ತರ ಗೊತ್ತಿಲ್ಲವೆಂದೂ ಇದನ್ನು ತನ್ನ ವಾದದ ವಿರುದ್ಧ ನ್ಯಾಯವಾಗಿಯೇ ಎತ್ತಬಹುದೆಂದೂ 1859ರ ಗ್ರಂಥದಲ್ಲಿ ಡಾರ್ವಿನ್ ಒಪ್ಪಿಕೊಂಡ.

ಅಂಥ ಹಳೆಯ ಕಡಲೊಂದರ ತಳವೇ ನಮ್ಮ ಶಹಾಬಾದಿ ಕಲ್ಲು. ಭೀಮಾ ಕೊಳ್ಳದ ಈ ಸುಣ್ಣಶಿಲೆ, ಜೇಡಿಶಿಲೆ, ಮರಳುಶಿಲೆಗಳು ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಸುತ್ತಮುತ್ತ ಸುಮಾರು 5,200 ಚದರ ಕಿಲೋಮೀಟರ್ ಹರಡಿವೆ. ಉತ್ತರಕ್ಕೆ, ಚಿಂಚೋಳಿಯ ಕಡೆಗೆ ಹೋದಂತೆ ಇವುಗಳ ಮೇಲೆ ದಖನ್ನಿನ ಕಪ್ಪು ಜ್ವಾಲಾಮುಖಿ ಶಿಲೆ ಹೊದಿಕೆಯಂತೆ ಕವಿದಿದೆ. 1872ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಈ ಶಿಲಾಸರಣಿಗೆ ಭೀಮಾ ನದಿಯ ಹೆಸರಿಟ್ಟ. 1876ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇದನ್ನು ವಿವರವಾಗಿ ವರ್ಣಿಸಿದ. ಇದೇ ಫೂಟ್ 1863ರಲ್ಲಿ ಮದ್ರಾಸಿನ ಬಳಿ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಆಯುಧವನ್ನು ಕಂಡುಹಿಡಿದು ಪ್ರಸಿದ್ಧನಾಗಿದ್ದವನು.

ಆ ಹೊತ್ತಿಗೆ ಈ ಭಾಗಕ್ಕೆ ರೈಲೂ ಬಂದಿತ್ತು. 1871ರಲ್ಲಿ ಬೊಂಬಾಯಿಯ ಮಾರ್ಗ ಶಹಾಬಾದ, ವಾಡಿಗಳ ಮೂಲಕ ರಾಯಚೂರಿಗೆ ಬಂದು ಮದ್ರಾಸಿನ ಮಾರ್ಗಕ್ಕೆ ಕೂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಬೊಂಬಾಯಿ ಮದ್ರಾಸುಗಳ ನಡುವಿನ ರೈಲು ದಾರಿ ಸಾಗುತ್ತಿದ್ದದ್ದೇ ಡಾರ್ವಿನ್‌ನ ಉತ್ತರವಿಲ್ಲದ ಪ್ರಶ್ನೆ ಹುದುಗಿದ್ದ ಬಂಡೆಗಳ ಮೇಲೆ!

ಈ ಕಲ್ಲಿನಲ್ಲಿ ಚಿಪ್ಪುಗಳಿಲ್ಲ, ಮೂಳೆಗಳಿಲ್ಲ. ಏಕೆಂದರೆ ಇದು ರೂಪುಗೊಂಡದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ ಆರಂಭವಾದ ಕೇಂಬ್ರಿಯನ್ ಯುಗಕ್ಕಿಂತಲೂ ಮೊದಲು. ಆಗ ಚಿಪ್ಪು ಕಟ್ಟುವ ಪ್ರಾಣಿಗಳೇ ಇರಲಿಲ್ಲ. ಹಾಗೆಂದು ಜೀವವೇ ಇರಲಿಲ್ಲವೆ? 1980ರ ದಶಕದಲ್ಲಿ ಭೀಮಾ ಕೊಳ್ಳದ ಪದರಗಳಿಂದ ಚುವಾರಿಯ ಎಂಬ ಪಳೆಯುಳಿಕೆ ವರದಿಯಾಯಿತು. ಇವು ಕೆಲವೇ ಮಿಲಿಮೀಟರ್ ಅಗಲದ, ಇಂಗಾಲದ ತೆಳುಪೊರೆಯಂಥ ದುಂಡು ಬಿಲ್ಲೆಗಳು. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ನಿನ ಬಂಡೆಗಳಿಂದ ವಾಲ್ಕಾಟ್ 1899ರಲ್ಲಿ ಇಂಥವಕ್ಕೇ ಹೆಸರಿಟ್ಟಿದ್ದ. ಪಾಚಿಯಂಥ ಜೀವಿಗಳ ಅವಶೇಷಗಳಿರಬಹುದೆಂಬುದು ಹಲವರ ಅಭಿಪ್ರಾಯ. ಮುಂದೆ ಇಲ್ಲಿನ ಹಲಕಲ್ ಜೇಡಿಶಿಲೆಯಲ್ಲಿ ಸೂಕ್ಷ್ಮ ಪಳೆಯುಳಿಕೆಗಳೂ ಸಿಕ್ಕಿವೆ. ಡಾರ್ವಿನ್ ಊಹಿಸಿದ್ದಂತೆ ಕಡಲು ಬರಿದಾಗಿರಲಿಲ್ಲ. ಬರಿಗಣ್ಣಿಗೆ ಕಾಣುವ ಚಿಪ್ಪನ್ನು ಹುಡುಕುತ್ತಿದ್ದವರಿಗೆ ಅದು ಬರಿದಾಗಿ ಕಂಡಿತ್ತು, ಅಷ್ಟೆ.

ನಮ್ಮ ಚೀಟಿ, ನಮ್ಮ ಹೆಸರು

ಸೇಡಂ, ಚಿತ್ತಾಪುರ, ಚಿಂಚೋಳಿಗಳು ಆಗ ನಿಜಾಮರ ಆಳ್ವಿಕೆಗೆ ಸೇರಿದ್ದವು. ಧಾರವಾಡದ ಇಲಿಗಳಿಗೆ ಒಬ್ಬ ಎಲಿಯಟ್ ಸಿಕ್ಕ. ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಭೀಮಾ ತೀರದ ಜೇವರ್ಗಿಯ ಕಲ್ಲುವೃತ್ತಗಳನ್ನು ಅಗೆಸಿ ಬೊಂಬಾಯಿಯ ವಿದ್ವಾಂಸರಿಗೆ ವರದಿ ಕಳುಹಿಸಿದ. ಆದರೆ ಆತನ ಒಲವು ಪುರಾತನ ಅವಶೇಷಗಳತ್ತ. ನಮ್ಮ ಎರೆಭೂಮಿಯ ಇಲಿ, ಹಕ್ಕಿ, ಹುಲ್ಲುಗಳಿಗೆ ಇಲ್ಲಿಯವರು ಇಟ್ಟ ಹೆಸರುಗಳನ್ನು ಧಾರವಾಡದಂತೆ ಒಂದೆಡೆ ಬರೆದಿಡುವ ಕೆಲಸಕ್ಕೆ ಈಗಲೂ ಅವಕಾಶವಿದೆ.

ಇದನ್ನು ನಮ್ಮ ಶಾಲೆಗಳೇ ಮಾಡಬಹುದು. ಡಾರ್ವಿನ್‌ನ ಪತ್ರಗಳು ಕಲಿಸುವ ಪಾಠ ಸರಳ. ಪ್ರಶ್ನೆ ಖಚಿತವಾಗಿರಲಿ. ನೆನಪಿನಿಂದಲ್ಲ, ನೋಡಿ ಬರೆಯಲಿ. ಪ್ರತಿಯೊಂದಕ್ಕೂ ಒಂದು ಚೀಟಿ ಇರಲಿ, ಅದರಲ್ಲಿ ದಿನಾಂಕ, ಊರು, ಹೊಲದ ಗುರುತು, ಜನ ಕರೆಯುವ ಹೆಸರು ಇರಲಿ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಅಜ್ಜನನ್ನು ಕೇಳಿ, ಹೊಲದಲ್ಲಿ ಎಷ್ಟು ಬಗೆಯ ಇಲಿಗಳಿವೆ, ಯಾವುದರ ಬಿಲ ಹೇಗಿರುತ್ತದೆ, ಯಾವ ವರ್ಷ ಹಾವಳಿ ಹೆಚ್ಚಿತ್ತು ಎಂದು ಬರೆದರೆ ಅದು 1839ರ ಎಲಿಯಟ್‌ನ ಪಟ್ಟಿಯ ಪಕ್ಕದಲ್ಲಿಟ್ಟು ಹೋಲಿಸಬಹುದಾದ ದಾಖಲೆಯಾದೀತು. ಗಣಿಯ ಅಂಚಿನಲ್ಲಿ ಒಡೆದುಬಿದ್ದ ಜೇಡಿಶಿಲೆಯ ಹಾಳೆಯ ಮೇಲೆ ಕಪ್ಪು ಚುಕ್ಕೆ ಕಂಡರೆ ಅದೂ ಅಷ್ಟೆ, ಎಲ್ಲಿ ಸಿಕ್ಕಿತೆಂದು ಬರೆದಿಟ್ಟು ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ತೋರಿಸಬಹುದು. ಕಲ್ಲು ಸಿಮೆಂಟಾಗಿ ಹೋದ ಮೇಲೆ ಅದರ ಹಾಳೆಗಳನ್ನು ಓದಲಾಗದು.

ಚೀಟಿಯಲ್ಲಿ ಇನ್ನೊಂದು ಸಾಲನ್ನೂ ಸೇರಿಸಿ. ಎಲಿಯಟ್ ಬಿಟ್ಟ ಸಾಲು ಅದು: ಇದನ್ನು ಹೇಳಿದವರು ಯಾರು?